ಕಡಲು ಮಲಗುವ ಜಾಗ

ಸೊರೊಂಗಿನಿಂದ ಹಡಗು, ವೈಸಾಯಿಯಿಂದ ಮೆಲ್ಕಿಯ ದೋಣಿ,
ಹದಿನೈದು ಕುದುರೆಶಕ್ತಿಯ ಎಂಜಿನ್ನಿಗೆ ನಾಲ್ಕು ಗಂಟೆ ಕೆಮ್ಮು.
ಮೂರು ಕ್ಯಾನು ಸಿಹಿನೀರು, ಅಕ್ಕಿ, ಒಣಮೀನು, ಸಾಗೋ ರೊಟ್ಟಿ,
ದೋಣಿಯ ಮೂತಿಯ ಮೇಲೆ ಅವನ ಅಕ್ಕನ ಮಗಳು ಯೊಮಿಮಾ.
ಒಂಬತ್ತು ವರ್ಷ, ಶಾಲೆಗೆ ರಜೆ,
ನನ್ನ ಟೋಪಿಯನ್ನು ಕೇಳದೆ ಹಾಕಿಕೊಂಡಿದ್ದಾಳೆ.

ನನ್ನ ಕೈಯಲ್ಲಿ ನಕ್ಷೆ.
ನಕ್ಷೆಯ ತುಂಬ ನೀಲಿ, ನೀಲಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ದ್ವೀಪ,
ಯಾವುದಕ್ಕೂ ಹೆಸರಿಲ್ಲ.
ಅದಕ್ಕೇ ಬಂದಿದ್ದೆ,
ಯಾರೂ ಎಂಜಲು ಮಾಡದ ಮರಳಿಗೆ.

"ಇಲ್ಲಿ ಯಾರೂ ಇಲ್ಲವಲ್ಲ?"
ಅರೆಬರೆ ಇಂಡೋನೇಷ್ಯನ್ನಿನಲ್ಲಿ ಕೇಳಿದೆ, ಮೊಣಕಾಲುದ್ದ ನೀರಿಗಿಳಿದು.
ನೀರು ಇತ್ತೋ ಇಲ್ಲವೋ: ನನ್ನ ಹೆಬ್ಬೆರಳು, ಅದರಾಚೆ ಹವಳ,
ಹವಳದ ಸಂದಿಯಲ್ಲೊಂದು ನೀಲಿ ಬಾಲ.
ಮೆಲ್ಕಿ ಉತ್ತರಿಸಲಿಲ್ಲ. ಸುಣ್ಣ ಅದ್ದಿ ಅಡಿಕೆ ಜಗಿದ,
ಇನ್ನೊಂದನ್ನು, ಒಂದು ಸಿಗರೇಟಿನ ಜತೆ, ಬಂಡೆಯ ಬುಡಕ್ಕಿಟ್ಟ
ಅಲ್ಲಿ ಯಾರೋ ಕೈಚಾಚಿ ಕೂತಿರುವಂತೆ.

ಗುಡಾರಕ್ಕೆ ನಾನು ಆರಿಸಿದ್ದು ಎಲ್ಲಕ್ಕಿಂತ ಬಿಳಿಯ ಜಾಗ,
ಯಾರೋ ಆಗಷ್ಟೇ ಹಾಸಿಗೆ ಕೊಡವಿ ಹಾಸಿದಂಥದ್ದು.
ಮೆಲ್ಕಿ ನೋಡಿದ, ಸೌದೆಗೆ ಹೋದ.
ಯೊಮಿಮಾ ಒಂದು ಗೆರೆ ತೋರಿಸಿದಳು,
ಒಣಪಾಚಿ, ಕಡ್ಡಿ, ಮುರುಕು ಚಿಪ್ಪಿನ ಗೆರೆ, ಗುಡಾರಕ್ಕಿಂತ ನಾಲ್ಕು ಮಾರು ಮೇಲೆ:
"ಅಲ್ಲೀತನಕ ಕಡಲು ಮಲಗತ್ತೆ."
ಎಷ್ಟು ಚೆಂದದ ಮಾತು!
ಪುಸ್ತಕ ತೆಗೆದು ಬರೆದುಕೊಂಡೆ.

ಕತ್ತಲಾದ ಮೇಲೆ ತೆಂಗಿನ ಏಡಿಯೊಂದು ಬಂದು
ಅನ್ನದ ಪಾತ್ರೆಯ ಮುಚ್ಚಳ ಎಳೆದುಕೊಂಡು ಹೋಯಿತು,
ಕಲ್ಲಿನ ಮೇಲೆ ಬಹಳ ಹೊತ್ತು ಅದರ ಸದ್ದು.

ಎರಡು ಗಂಟೆಗೆ ಬೆನ್ನ ಕೆಳಗೆ ಯಾರೋ ಹೊರಳಿದರು.
ತಣ್ಣಗೆ. ಮನೆಯವರ ಹಕ್ಕಿನಿಂದ.
ಚಪ್ಪಲಿ ತೇಲಿತು, ಚೀಲ ತೇಲಿತು, ಪುಸ್ತಕ ತೇಲಿತು,
ಚೆಂದದ ಮಾತೂ ಅದರೊಳಗೆ.
ಹೊರಗೆ ಹುಣ್ಣಿಮೆ, ಹಿಟ್ಟು ಚೆಲ್ಲಿದಂತೆ.
ಮೂವರೂ ಗೂಟ ಕಿತ್ತು, ನೀರು ಸುರಿಯುವ ಬಟ್ಟೆಯನ್ನು
ಸತ್ತ ದೊಡ್ಡ ಮೀನಿನಂತೆ ಮೇಲಕ್ಕೆಳೆದೆವು.
"ಮೊದಲೇ ಹೇಳಬಾರದಿತ್ತೆ?" ಅಂದೆ.
"ಹೇಳಿದಳಲ್ಲ," ಅಂದ ಮೆಲ್ಕಿ.

ಬೆಂಕಿಯ ಬಳಿ ನನ್ನ ಅಂಗಿ ಹೊಗೆ ಕುಡಿಯುತ್ತಿದ್ದಾಗ
ತೆಂಗುಗಳತ್ತ ಗಲ್ಲ ಎತ್ತಿದ.
ಓರೆಯಾದದ್ದು ಅವನದು, ಹುಟ್ಟಿದ ವಾರ ಅಪ್ಪ ನೆಟ್ಟದ್ದು.
ಪಕ್ಕದ್ದು ಯೊಮಿಮಾಳ ತಾಯಿಯದು.
ತಲೆಯಿಲ್ಲದ ಬೋಳು ಕಾಂಡ ತಮ್ಮನದು.
ಅವನ ಬಗ್ಗೆ ಅಷ್ಟೇ ಅಂದ.
ಆಚೆಯ ತಿರುವಿನ ಹೆಸರು ಅಜ್ಜನ ಹಾಯಿ ಹರಿದದ್ದು.
ಬಂಡೆಯ ಸಂದಿನದು ಮಳೆಯನ್ನೇ ಉಂಡದ್ದು:
ಏಳು ದಿನ ಗಾಳಿ ಬಿಡದೆ ಅವರು ಸಿಕ್ಕಿಬಿದ್ದಿದ್ದರು ಅಲ್ಲಿ.
ಇನ್ನು ಈ ಹವಳದ ದಂಡೆ,
ಎರಡು ವರ್ಷದಿಂದ ಇದಕ್ಕೆ ಬೀಗ.
ಊರಿನ ಹೆಂಗಸರು ಇಗರ್ಜಿಯಲ್ಲಿ ಪ್ರಾರ್ಥಿಸಿ ಹಾಕಿದ ಬೀಗ,
ಸಾಸಿ ಅನ್ನುತ್ತಾರೆ.
ಕೀಲಿಯಿಲ್ಲ, ಕಾವಲಿಲ್ಲ,
ಒಂದು ಗೂಟ, ಗೂಟಕ್ಕೆ ಕಟ್ಟಿದ ಗರಿ.
ಮೀನು, ಶಂಖ, ಸಮುದ್ರಸೌತೆ, ಯಾರೂ ಮುಟ್ಟುವಂತಿಲ್ಲ.
"ಹಸಿದರೆ?"
"ಹಸಿದಿದ್ದೆವು," ಅಂದ, "ಹೋದ ಜನವರಿಯಲ್ಲಿ."

ಕೊಳ್ಳಿಯೊಂದು ಮಗ್ಗುಲಾಯಿತು.
ನಾನು ಕಂಡ ಆ ನೀಲಿ ಬಾಲ
ಯಾರೋ ಉಣ್ಣದೆ ಬಿಟ್ಟ ಊಟ.

ಬೆಳಗ್ಗೆ ಮುಚ್ಚಳ ಸಿಕ್ಕಿತು, ಪೊದೆಯೊಳಗೆ, ಅಂಚು ಸೊಟ್ಟಗಾಗಿ.
ಮೂರನೆಯ ಎಳೆತಕ್ಕೆ ಎಂಜಿನ್ ಕೆಮ್ಮಿತು.
ಯೊಮಿಮಾ ತಿರುಗಿ ಮರಳಿನತ್ತ ಕೈಮಾಡಿ
ಮಾವನಿಗೆ ಮನೆಮಾತಿನಲ್ಲಿ ಏನೋ ಅಂದಳು.
ಅವನು ನಗು ತಡೆಯಲಾಗದೆ ಕಡಲಿಗೆ ಕೆಂಪು ಉಗುಳಿದ.
"ಏನಂತೆ?"
"ಆ ಜಾಗಕ್ಕೆ ಹೆಸರಿಟ್ಟಳು."
"ಏನು?"
"ಒದ್ದೆ ಹಾಸಿಗೆ."

ನಕ್ಷೆಯ ಮಡಿಕೆ ಬಿಡಿಸಿದೆ.
ನೀಲಿ ಹಬ್ಬಿ ಎಳ್ಳುಗಳೆಲ್ಲ ಮುಳುಗಿದ್ದವು.
ಒಂದು ತುದಿ ನಾನು, ಒಂದು ತುದಿ ಅವಳು ಹಿಡಿದು
ಗಾಳಿಗೊಡ್ಡಿ ಕೂತೆವು.
ಟೋಪಿ ಇನ್ನೂ ಅವಳ ತಲೆಯ ಮೇಲೇ ಇತ್ತು.